ಡ್ರ್ಯಾಗನ್‌ಬಾರ್ನ್ ಪಾತ್ರಕ್ಕೆ ಹೆಸರಿಡುವುದು ಹೇಗೆ: ಕನ್ನಡದಲ್ಲಿ ಆಡುವವರಿಗೆ ಸಮಗ್ರ ಮಾರ್ಗದರ್ಶಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬುದು ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ಕಟ್ಟುವ ಆಟ. ಡ್ರ್ಯಾಗನ್‌ಬಾರ್ನ್ ಎಂದರೆ ಅದರಲ್ಲಿ ಬರುವ, ಡ್ರ್ಯಾಗನ್ ವಂಶದ, ಮನುಷ್ಯರಂತೆ ನಡೆಯುವ ಜನ. ಕ್ಯಾರೆಕ್ಟರ್ ಶೀಟ್ (ಪಾತ್ರದ ವಿವರ ಬರೆಯುವ ಹಾಳೆ) ಮೇಲೆ ಹೆಸರು ಎಷ್ಟೇ ಗಂಭೀರವಾಗಿ ಕಾಣಲಿ, ಎರಡು ಮೂರು ಸೆಷನ್ ಕಳೆಯುವಷ್ಟರಲ್ಲಿ ಬಾಯಿಗೆ ಒಗ್ಗಿದ ರೂಪವಷ್ಟೇ ಉಳಿಯುತ್ತದೆ. ವರ್ತಿಸಾತುರ್ಗೀಶ್ ಎಂದು ಬರೆದುಕೊಂಡವನು ಮೊದಲು ‘ವರ್ತಿ’ ಆಗುತ್ತಾನೆ, ಆಮೇಲೆ ‘ವರ್ತನೆ’ ಆಗುತ್ತಾನೆ. ಹಾಸನ, ಬೇಲೂರು, ಚಿಕ್ಕಮಗಳೂರು ಕಡೆ ಕನ್ನಡದಲ್ಲೇ ಆಟ ನಡೆಸುವ ಗುಂಪುಗಳಿಗೆ ಇದರ ಜೊತೆಗೆ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದಲ್ಲಿ ಹೆಸರು ಒಂಟಿಯಾಗಿ ನಿಲ್ಲುವುದು ಕಡಿಮೆ. ‘ಗೆ’, ‘ನ’, ‘ಅನ್ನು’, ‘ಇಂದ’ ಹತ್ತಿಕೊಂಡೇ ಬರುತ್ತದೆ. ವಿಭಕ್ತಿ ತಡೆಯದ ಹೆಸರು ಕನ್ನಡದ ಟೇಬಲ್‌ನಲ್ಲಿ ಬಾಳುವುದಿಲ್ಲ. ಆದ್ದರಿಂದ ಹೆಸರನ್ನು ಕಣ್ಣಿನಿಂದ ಆರಿಸಬೇಡಿ, ನಾಲಿಗೆಯಿಂದ ಆರಿಸಿ. ಕೆಳಗಿನ ಹಂತಗಳೆಲ್ಲ ಇದನ್ನೇ ಹಿಡಿದು ಹೊರಟಿವೆ.

ಆಟದ ನಿಯಮ ಏನು ಹೇಳುತ್ತದೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ 2014ರ ನಿಯಮದ ಪ್ರಕಾರ ಡ್ರ್ಯಾಗನ್‌ಬಾರ್ನ್‌ಗೆ ಮೂರು ಬಗೆಯ ಹೆಸರು. ಮೊಟ್ಟೆಯೊಡೆದು ಹೊರಬಂದಾಗ ಇಡುವ ಸ್ವಂತ ಹೆಸರು ಒಂದು. ಕುಲದ ಹೆಸರು ಇನ್ನೊಂದು. ಗೌರವಕ್ಕಾಗಿ ಇದನ್ನು ಸ್ವಂತ ಹೆಸರಿಗಿಂತ ಮೊದಲು ಹೇಳುತ್ತಾರೆ. ಮೂರನೆಯದು ಒಂದೇ ಕಾವಿನ ಒಡಹುಟ್ಟಿದವರು ಕರೆಯುವ ಬಾಲ್ಯದ ಅಡ್ಡಹೆಸರು. ಅದು ಯಾವುದೋ ಘಟನೆಯಿಂದಲೋ ಅಭ್ಯಾಸದಿಂದಲೋ ಹುಟ್ಟಿದ್ದು.

ಕುಲದ ಹೆಸರು ಮೊದಲು ಬರುವುದು ನಮಗೇನೂ ವಿಚಿತ್ರವಲ್ಲ. ಊರು, ಅಪ್ಪನ ಹೆಸರು, ಕೊನೆಗೆ ಸ್ವಂತ ಹೆಸರು ಎಂದು ಇನಿಷಿಯಲ್ ಬರೆಯುವ ನಮ್ಮ ಪದ್ಧತಿಯೂ ಅದೇ ಸಾಲಿನದು. ಹಾಗಾಗಿ ಇಂಗ್ಲಿಷ್ ಆಟಗಾರರಿಗೆ ನೆನಪಿಸಬೇಕಾದ ಈ ನಿಯಮ ಇಲ್ಲಿ ತಾನಾಗಿಯೇ ಕೂರುತ್ತದೆ.

ಡ್ರ್ಯಾಗನ್‌ಗಳ ಭಾಷೆ ಗಡಸು ವ್ಯಂಜನ ಮತ್ತು ‘ಸ’, ‘ಶ’ಗಳಿಂದ ತುಂಬಿದ್ದು, ಬೇರೆಯವರ ಕಿವಿಗೆ ಒರಟು ಎಂಬುದು ಆಟದ ಕಲ್ಪನೆ. ಅಧಿಕೃತ ಪಟ್ಟಿಯ ಕ್ರಿವ್, ಗೆಶ್, ರೊಗಾರ್, ಅಕ್ರಾ, ಸುರಿನಾ ಎಲ್ಲ ಆ ಅಚ್ಚಿನವೇ.

ಹಂತ 1: ಶೀಟ್‌ನಿಂದ ಮೂರು ಸಂಗತಿ ತೆಗೆಯಿರಿ

ಹೆಸರು ಹುಡುಕುವ ಮೊದಲು ಮೂರು ಉತ್ತರ ಬರೆದುಕೊಳ್ಳಿ: ಪೂರ್ವಜ ಡ್ರ್ಯಾಗನ್‌ನ ಬಣ್ಣ ಯಾವುದು, ಪಾತ್ರಕ್ಕೂ ಕುಲಕ್ಕೂ ಸಂಬಂಧ ಹೇಗಿದೆ, ಈ ಹೆಸರು ಇಟ್ಟವರು ಯಾರು. ಮೂರನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಕುಲದ ಹಿರಿಯರು ಇಟ್ಟ ಹೆಸರು ಬೇರೆ, ಅನಾಥ ಮರಿಯನ್ನು ಸಾಕಿದ ಮನುಷ್ಯರು ಇಟ್ಟದ್ದು ಬೇರೆ, ಪಾತ್ರ ತಾನೇ ಇಟ್ಟುಕೊಂಡದ್ದು ಬೇರೆ.

ಬಣ್ಣ ಗೊತ್ತಾದರೆ ಉಸಿರಿನ ಅಸ್ತ್ರ ಗೊತ್ತಾಗುತ್ತದೆ. ಕೆಂಪು, ಬಂಗಾರ, ಹಿತ್ತಾಳೆ ವಂಶದವರು ಬೆಂಕಿ ಉಗುಳುತ್ತಾರೆ. ನೀಲಿ ಮತ್ತು ಕಂಚಿನವರದು ಸಿಡಿಲು, ಕಪ್ಪು ಮತ್ತು ತಾಮ್ರದವರದು ಆಮ್ಲ, ಬಿಳಿ ಮತ್ತು ಬೆಳ್ಳಿಯವರದು ಶೀತ, ಹಸಿರಿನವರದು ವಿಷ. 2014ರ ನಿಯಮದಲ್ಲಿ ಕಪ್ಪು, ನೀಲಿ, ಹಿತ್ತಾಳೆ, ಕಂಚು, ತಾಮ್ರದ ಉಸಿರು 30 ಅಡಿ ಉದ್ದ, 5 ಅಡಿ ಅಗಲದ ನೇರ ಗೆರೆಯಾಗಿ ಹೋಗುತ್ತದೆ. ಉಳಿದ ಐದರದ್ದು 15 ಅಡಿಯ ಶಂಕುವಾಗಿ ಹರಡುತ್ತದೆ. ಈ ಆಕಾರವನ್ನು ಹೆಸರಿಗೂ ತರಬಹುದು. ಗೆರೆಯ ಉಸಿರಿನವರಿಗೆ ಒತ್ತಕ್ಷರದಲ್ಲಿ ತಟ್ಟನೆ ನಿಲ್ಲುವ ಹೆಸರು (ತಟ್ಟಿಗ, ಕಚ್ಚಬ್ಬೆ), ಶಂಕುವಿನವರಿಗೆ ದೀರ್ಘ ಸ್ವರ ಅಥವಾ ಅನುಸ್ವಾರದಲ್ಲಿ ತೆರೆದುಕೊಳ್ಳುವ ಹೆಸರು (ಉರಿಯಂಗ, ಕೆಂಡಾರ). ಇದು ನಿಯಮಪುಸ್ತಕದಲ್ಲಿಲ್ಲ, ಆದರೆ ಒಮ್ಮೆ ಹೀಗೆ ಇಟ್ಟರೆ ಹೆಸರು ಕೇಳಿದ ಕೂಡಲೇ ಎಲ್ಲಿ ನಿಲ್ಲಬಾರದು ಎಂದು ಜೊತೆಯವರಿಗೆ ಅಂದಾಜು ಸಿಗುತ್ತದೆ.

ಹಂತ 2: ಬೇರು ಪದ ಆರಿಸಿ

ಸುಲಭದ ದಾರಿ ಅಧಿಕೃತ ಪಟ್ಟಿಯ ಹೆಸರನ್ನೇ ತೆಗೆದುಕೊಳ್ಳುವುದು. ತಪ್ಪಿಲ್ಲ, ಆದರೆ ಅದನ್ನು ಕನ್ನಡದ ಕಿವಿಯಲ್ಲಿ ಒಮ್ಮೆ ಕೇಳಿ ನೋಡಿ. ಥಾವಾ ಎಂಬ ಹೆಸರು ಟೇಬಲ್‌ಗೆ ಬಂದ ಐದೇ ನಿಮಿಷಕ್ಕೆ ದೋಸೆ ತವಾ ಆಗುತ್ತದೆ. ಸೋರಾಗೆ ಸೋರೆಕಾಯಿ ತಪ್ಪಿದ್ದಲ್ಲ. ಅರ್ಜನ್ ಪ್ರತಿ ಸಲವೂ ಅರ್ಜುನ. ಅದೇ ಪಟ್ಟಿಯ ಕೆಲವು ಹೆಸರು ನಮ್ಮಲ್ಲಿ ಇನ್ನೂ ಚೆನ್ನಾಗಿ ಕೂರುತ್ತವೆ: ಬಿರಿ ಎಂದರೆ ಮೊಟ್ಟೆ ಬಿರಿದದ್ದೇ ನೆನಪಾಗುತ್ತದೆ, ಕಾವಾ ಎಂದರೆ ಕಾವು, ಪಂಜೆದ್ ಎಂದರೆ ಪಂಜ. ಪೂರಾ ಪಟ್ಟಿಯಲ್ಲಿ ಹುಡುಕಿದರೆ ಇಂಥವು ಬೆರಳೆಣಿಕೆಯಷ್ಟು. ಸಿಕ್ಕರೆ ಬಿಡಬೇಡಿ.

ಸ್ವಂತ ಹೆಸರು ಕಟ್ಟುವುದಾದರೆ ಉಸಿರಿಗೆ ತಕ್ಕ ಬೇರು ಬೇಕು. ಬೆಂಕಿಗೆ ಉರಿ, ಕಿಚ್ಚು, ಕೆಂಡ, ಕೊಳ್ಳಿ, ದಳ್ಳುರಿ. ಸಿಡಿಲಿಗೆ ಸಿಡಿ, ಮಿಂಚು, ಗುಡುಗು. ಶೀತಕ್ಕೆ ಮಂಜು, ಇಬ್ಬನಿ, ಕುಳಿರು. ಆಮ್ಲ ಮತ್ತು ವಿಷ ಮಾತ್ರ ಕೈಕೊಡುತ್ತವೆ. ‘ಹುಳಿ’ ಎಂದ ಕೂಡಲೇ ಸಾರು ಕಣ್ಮುಂದೆ ಬರುತ್ತದೆ, ಭಯ ಹುಟ್ಟುವುದಿಲ್ಲ. ಅದರ ಬದಲು ಕೊರೆ, ಕರಗು, ಚುರ್ ಎಂಬ ಕ್ರಿಯೆಗಳಿಂದ ಕಟ್ಟಿ (ಕೊರೆಯಂಗ, ಚುರ್ಚಿಗ). ವಿಷಕ್ಕೆ ‘ನಂಜು’ ಒಳ್ಳೆಯ ಪದವೇ, ಆದರೆ ನಂಜ, ನಂಜಪ್ಪ, ನಂಜಮ್ಮ ಹಾಸನ ಜಿಲ್ಲೆಯಲ್ಲಿ ಊರಿಗೆ ನಾಲ್ಕು ಜನ ಇದ್ದಾರೆ. ಹಸಿರು ವಂಶದ ಕ್ರೂರ ಯೋಧ ‘ನಂಜ’ ಎಂದು ಬಂದು ನಿಂತರೆ ಪಕ್ಕದ ಮನೆಯವರು ಬಂದ ಹಾಗಿರುತ್ತದೆ. ‘ನಂಜಂಕ’, ‘ನಂಜೂರಿ’ ಎಂದು ಬಾಲ ಬದಲಿಸಿದರೆ ಆ ಪರಿಚಯ ಕಳಚುತ್ತದೆ.

ಇನ್ನು ಹಕಾರ, ಮಹಾಪ್ರಾಣ. ನಮ್ಮ ಕಡೆಯ ಹಳ್ಳಿ ಮಾತಿನಲ್ಲಿ ಪದದ ಮೊದಲಿನ ‘ಹ’ ಬಿದ್ದುಹೋಗುತ್ತದೆ, ‘ಭ’ ‘ಬ’ ಆಗುತ್ತದೆ, ‘ಶ’ ‘ಸ’ ಆಗುತ್ತದೆ. ಹೆಸ್ಕನ್ ಎಸ್ಕನ್ ಆಗುತ್ತಾನೆ, ಭರಾಶ್ ಬರಾಸ್ ಆಗುತ್ತಾನೆ. ಅದು ತಪ್ಪೇನಲ್ಲ. ಆದರೆ ಹೆಸರಿನ ಬಲವನ್ನೆಲ್ಲ ‘ಘ’, ‘ಢ’ಗಳ ಮೇಲೆ ಹೊರಿಸಿದ್ದರೆ ಅದು ಆಟದ ಮಧ್ಯೆ ಸದ್ದಿಲ್ಲದೆ ಸೋರಿಹೋಗುತ್ತದೆ. ಗಡಸು ಬೇಕಿದ್ದರೆ ಟ, ಡ, ಣ, ಳ ಮತ್ತು ಒತ್ತಕ್ಷರ ಬಳಸಿ. ಅವು ಅಷ್ಟು ಸುಲಭಕ್ಕೆ ಸವೆಯುವುದಿಲ್ಲ.

ಹಂತ 3: ಬಾಲ ಜೋಡಿಸಿ

ಇಲ್ಲಿ ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗಿಂತ ಒಳ್ಳೆಯ ಗಣಿ ಇಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದ್ದೆಂದು ಹೇಳುವ ಶಾಸನದಲ್ಲೇ ಮೃಗೇಶ, ನಾಗ, ವಿಜಾರಸ ಎಂಬ ಹೆಸರುಗಳಿವೆ. ಹೊಯ್ಸಳ ಅರಸರ ಸಾಲಿನಲ್ಲಿ ಸಳ, ನೃಪಕಾಮ, ವಿನಯಾದಿತ್ಯ, ಎರೆಯಂಗ, ಬಲ್ಲಾಳ; ವಿಷ್ಣುವರ್ಧನನ ಮೊದಲ ಹೆಸರು ಬಿಟ್ಟಿಗ. ರಾಣಿಯರ ಕಡೆ ಕೆಳೆಯಬ್ಬರಸಿ, ಏಚಲದೇವಿ, ಶಾಂತಲೆ. ಶಾಂತಲೆಯ ತಾಯಿ ಮಾಚಿಕಬ್ಬೆ. ಬೇಲೂರಿನ ಶಿಲ್ಪಿಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ.

ಹೆಸರುಗಳನ್ನು ಹಾಗೇ ಎತ್ತಿಕೊಳ್ಳಬೇಡಿ, ಬಾಲ ಮಾತ್ರ ತೆಗೆದುಕೊಳ್ಳಿ. ಎರೆಯಂಗನಿಂದ ‘-ಅಂಗ’, ಬಿಟ್ಟಿಗನಿಂದ ‘-ಇಗ’, ವಿಜಾರಸನಿಂದ ‘-ಅರಸ’, ದಾಸೋಜನಿಂದ ‘-ಓಜ’, ಮಾಚಿಕಬ್ಬೆಯಿಂದ ‘-ಅಬ್ಬೆ’, ಶಾಂತಲೆಯಿಂದ ‘-ಅಲೆ’. ಬೇರಿಗೆ ಸೇರಿಸಿದರೆ ಉರಿಯಂಗ, ಕಿಚ್ಚಿಗ, ಮಂಜರಸ, ಕೆಂಡೋಜ, ಕೊಳ್ಳಬ್ಬೆ, ಕುಳಿರಲೆ. ಕಿವಿಗೆ ಹಳಗಾಲದವು, ಆದರೆ ನಿಮ್ಮ ಪರಿಚಯದವರಲ್ಲಿ ಯಾರಿಗೂ ಇಲ್ಲದವು. ‘-ಓಜ’ವನ್ನು ಕಮ್ಮಾರ, ಶಿಲ್ಪಿ, ಕುಶಲಕರ್ಮಿ ಪಾತ್ರಕ್ಕೇ ಮೀಸಲಿಟ್ಟರೆ ಹೆಸರಿನಲ್ಲೇ ಕಸುಬು ಗೊತ್ತಾಗುತ್ತದೆ.

ಈ ಹಂತದಲ್ಲಿ ಕನಿಷ್ಠ ಹತ್ತು ಹೆಸರು ಬರೆಯಿರಿ. ಮೊದಲು ಹೊಳೆಯುವ ಮೂರು ನಾಲ್ಕು ಬೇರೆ ಯಾರಿಗಾದರೂ ಹೊಳೆದೇ ಇರುತ್ತವೆ. ಕರೆಯುವ ಹೆಸರು ಎರಡರಿಂದ ನಾಲ್ಕು ಅಕ್ಷರ ಇರಲಿ; ಐದಾದರೆ ಮೊಟಕಾಗುವುದು ಖಂಡಿತ.

ಹಂತ 4: ವಿಭಕ್ತಿ ಪರೀಕ್ಷೆ

ಹತ್ತೂ ಹೆಸರನ್ನು ಈ ಆರು ವಾಕ್ಯಗಳಲ್ಲಿ ಹಾಕಿ ಜೋರಾಗಿ ಓದಿ:

ಕಿಚ್ಚಿಗ ಬಾಗಿಲು ಒದ್ದ.
ಕಿಚ್ಚಿಗನಿಗೆ ಎಂಟು ಡ್ಯಾಮೇಜ್.
ಈಗ ಕಿಚ್ಚಿಗನ ಸರದಿ.
ಕಿಚ್ಚಿಗನನ್ನು ಹಿಡ್ಕೊಳಿ.
ಕಿಚ್ಚಿಗನಿಂದ ಹತ್ತಡಿ ದೂರ ನಿಂತ್ಕೋ.
ಕಿಚ್ಚಿಗಾ, ಬಗ್ಗು!

ಕಿಚ್ಚಿಗ ಆರರಲ್ಲೂ ಪಾಸು. ಈಗ ಕ್ರಿವ್ ಹಾಕಿ. ‘ಕ್ರಿವ್‌ಗೆ’ ಎನ್ನುವವರು ಒಬ್ಬರು, ‘ಕ್ರಿವ್ವಿಗೆ’ ಎನ್ನುವವರು ಒಬ್ಬರು, ‘ಕ್ರಿವ್‌ನಿಗೆ’ ಎನ್ನುವವರು ಇನ್ನೊಬ್ಬರು. ಒಂದೇ ಟೇಬಲ್‌ನಲ್ಲಿ ಮೂರು ಕ್ರಿವ್. ಕಾರಣ ಸರಳ: ಕನ್ನಡದ ಪದ ಸ್ವರದಲ್ಲಿ ಮುಗಿಯಲು ಬಯಸುತ್ತದೆ. ಬಸ್ ‘ಬಸ್ಸು’ ಆದಂತೆ, ಕಾರ್ ‘ಕಾರು’ ಆದಂತೆ ಈ ಹೆಸರಿಗೂ ಸ್ವರ ಸೇರಿಸಿ. ಹ್ರಸ್ವದ ಒಂದೇ ಅಕ್ಷರವಾದರೆ ವ್ಯಂಜನ ಇಮ್ಮಡಿಯಾಗಲಿ: ಕ್ರಿವ್ವ, ಗೆಶ್ಶ. ಮೊದಲು ದೀರ್ಘವಿದ್ದರೆ ಬೇಡ: ರೊಗಾರ, ಡೊನಾರ. ಕ್ರಿವ್ವ ಎಂದ ಮೇಲೆ ಕ್ರಿವ್ವನ, ಕ್ರಿವ್ವನಿಗೆ, ಕ್ರಿವ್ವಾ ಎಲ್ಲ ತಾವಾಗಿ ಬರುತ್ತವೆ.

‘ಅ’ ಕೊನೆ ಗಂಡು ಎನ್ನುತ್ತದೆ. ‘ಎ’, ‘ಇ’ ಕೊನೆಗಳು ಯಾವ ಕಡೆಗೂ ವಾಲುವುದಿಲ್ಲ (ಬಿರಿಗೆ, ಬಿರಿಯ, ಬಿರಿಯಿಂದ), ಆದ್ದರಿಂದ ಲಿಂಗ ಸೂಚಿಸಲು ಇಷ್ಟವಿಲ್ಲದ ಪಾತ್ರಕ್ಕೆ ಅವೇ ಸರಿ. ಆದರೂ ಕ್ರಿಯಾಪದ ಬಿಡುವುದಿಲ್ಲ. ಬಂದ, ಬಂದಳು, ಬಂತು, ಬಂದರು ಇವುಗಳಲ್ಲಿ ಯಾವುದೆಂದು ಆಟ ಶುರುವಾಗುವ ಮೊದಲೇ ಮಾತಾಡಿಕೊಳ್ಳಿ. ಆಟ ನಡೆಸುವವರಿಗೆ ಇದರಲ್ಲಿ ಒಂದು ಲಾಭವೂ ಇದೆ. ಬೆಟ್ಟದ ಮೇಲಿನ ಹಿರಿಯ ಡ್ರ್ಯಾಗನ್ ಬಗ್ಗೆ ಊರವರು ‘ರಾತ್ರಿ ಬಂದಿತ್ತು’ ಎನ್ನಲಿ, ಅದರ ಗುಪ್ತ ಭಕ್ತ ‘ರಾತ್ರಿ ಬಂದಿದ್ದರು’ ಎನ್ನಲಿ. ಒಂದು ಕ್ರಿಯಾಪದದಲ್ಲಿ ಅವನ ಗುಟ್ಟು ಬಯಲಾಗುತ್ತದೆ. ಚುರುಕು ಕಿವಿಯ ಆಟಗಾರರು ಇದನ್ನು ಹಿಡಿದೇ ಹಿಡಿಯುತ್ತಾರೆ.

ಇದೇ ಹಂತದಲ್ಲಿ ಇನ್ನೊಂದು ಕುತ್ತು. ಕೆಲವು ಹೆಸರು ಕ್ರಿಯಾಪದದ ರೂಪಕ್ಕೆ ಸಿಕ್ಕಿಬೀಳುತ್ತವೆ. ಮಿಂಚಲೆ ಎಂಬ ಸೊಗಸಾದ ಹೆಸರು ಬಾಯಲ್ಲಿ ‘ಮಿಂಚಲೇ?’ ಎಂಬ ಪ್ರಶ್ನೆಯಾಗುತ್ತದೆ. ‘-ಅಲೆ’ ಸೇರಿಸುವಾಗ ಬೇರು ನಾಮಪದವೋ ಕ್ರಿಯೆಯೋ ನೋಡಿಕೊಳ್ಳಿ.

ಹಂತ 5: ಕೂಗಿ ನೋಡಿ, ಪ್ರಾಸ ನೋಡಿ

ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರನ್ನು ಐತಿಹ್ಯದ ಸೊಸೆವೂರು ಎನ್ನುತ್ತಾರೆ. ಮೃಗ ಮೇಲೆರಗಿದಾಗ ಮುನಿ ‘ಹೊಯ್, ಸಳ’ ಎಂದು ಕೂಗಿದ ಕಥೆ ನಡೆಯುವುದು ಅಲ್ಲಿ. ಐತಿಹ್ಯವೇ ಆಗಲಿ, ಹೆಸರು ಇಡುವವರು ಅದರಿಂದ ಕಲಿಯುವುದಿದೆ: ಆ ಯುವಕನ ಹೆಸರು ಎರಡೇ ಅಕ್ಷರ, ಕೊನೆಯಲ್ಲಿ ಬಾಯಿ ತೆರೆಯುವ ‘ಅ’. ನಿಮ್ಮ ಹೆಸರನ್ನೂ ‘ಹೊಯ್’ ಸೇರಿಸಿ ಕೂಗಿ. ಹೊಯ್ ಕ್ರಿವ್ವ, ಸರಿ. ಹೊಯ್ ಕ್ಲೆತ್ತಿಂತಿಯಲ್ಲೋರ್ ಎನ್ನುವಷ್ಟರಲ್ಲಿ ಮೃಗ ಊಟ ಮುಗಿಸಿರುತ್ತದೆ.

ಮುಂದೆ ಗುಂಪಿನ ಉಳಿದ ಹೆಸರುಗಳ ಜೊತೆ ಹೋಲಿಸಿ. ಮೊದಲಕ್ಷರ ಒಂದೇ ಆಗಬಾರದು ಎಂಬುದು ಎಲ್ಲರಿಗೂ ಗೊತ್ತು. ಕನ್ನಡದ ಕಿವಿಗೆ ಎರಡನೇ ಅಕ್ಷರ ಇನ್ನೂ ಮುಖ್ಯ. ನಮ್ಮ ಹಳೆಯ ಪದ್ಯಗಳ ಪ್ರಾಸ ಕೂರುವುದೇ ಅಲ್ಲಿ. ಬಿರಿ, ಉರಿಗ, ಕೊರಬ ಮೂವರೂ ಒಂದೇ ತಂಡದಲ್ಲಿದ್ದರೆ ಮೊದಲಕ್ಷರ ಬೇರೆಯಾದರೂ ಗದ್ದಲದಲ್ಲಿ ಕಲೆಸಿಹೋಗುತ್ತವೆ. ಹಾಗಾಗಿ ತಂಡದೊಳಗೆ ಎರಡನೇ ಅಕ್ಷರದ ವ್ಯಂಜನ ಬೇರೆಬೇರೆ ಇರಲಿ.

ಇದನ್ನೇ ತಿರುಗಿಸಿ ಕುಲದ ಗುರುತಾಗಿಯೂ ಬಳಸಬಹುದು. ಒಂದೇ ಕಾವಿನ ಮರಿಗಳಿಗೆಲ್ಲ ಎರಡನೇ ವ್ಯಂಜನ ಒಂದೇ ಇಡಿ: ಕಿಚ್ಚಿಗ, ಬೆಚ್ಚಬ್ಬೆ, ಮುಚ್ಚಾರ, ಅಚ್ಚೋಜ. ಹತ್ತು ಸೆಷನ್ ಆದ ಮೇಲೆ ಶತ್ರುಪಾಳೆಯದಲ್ಲಿ ‘ಸಚ್ಚಿಗ’ ಎಂಬವನು ಎದುರಾದರೆ ಆಟಗಾರರು ತಾವಾಗಿಯೇ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಟ ನಡೆಸುವ ಡಂಜನ್ ಮಾಸ್ಟರ್ ಏನೂ ಹೇಳಬೇಕಾಗಿಲ್ಲ.

ಹಂತ 6: ಕುಲದ ಹೆಸರು

ಕುಲದ ಹೆಸರು ಉದ್ದ ಇರಬಹುದು, ಇರಬೇಕು ಕೂಡ. ಸಭೆಗೆ ಪರಿಚಯಿಸುವಾಗ, ಪ್ರಮಾಣ ಮಾಡುವಾಗ, ಸಾಯುವಾಗ ಮಾತ್ರ ಬರುವಂಥದ್ದು ಅದು. ಅಚ್ಚಿಗೆ ಹೊಯ್ಸಳರ ಬಿರುದುಗಳೇ ಇವೆ. ವಿಷ್ಣುವರ್ಧನನ ನಾಣ್ಯಗಳ ಮೇಲೆ ‘ತಲಕಾಡುಗೊಂಡ’, ‘ನೊಳಂಬವಾಡಿಗೊಂಡ’ ಎಂದಿದೆ. ‘ಮಲೆಪರೊಳ್ಗಂಡ’ ಎಂದರೆ ಮಲೆಯ ನಾಯಕರಲ್ಲಿ ಗಂಡುಗಲಿ. ಇಮ್ಮಡಿ ವೀರಬಲ್ಲಾಳನಿಗೆ ‘ಗಿರಿದುರ್ಗಮಲ್ಲ’ ಮತ್ತು ‘ಶನಿವಾರಸಿದ್ಧಿ’ ಎಂಬ ಬಿರುದುಗಳಿದ್ದವು.

ಗೆದ್ದ ಜಾಗಕ್ಕೆ ‘-ಗೊಂಡ’ ಸೇರಿಸಿದರೆ ಏಳುಕಣಿವೆಗೊಂಡ, ಹೊನ್ನಗವಿಗೊಂಡ. ಸೋಲಿಸಿದ ಜನಕ್ಕೆ ‘-ಒಳ್ಗಂಡ’ ಸೇರಿಸಿದರೆ ಉರಿವರೊಳ್ಗಂಡ. ‘ಗಂಡ’ ಬಿಡಿಯಾಗಿ ನಿಂತರೆ ಮದುವೆಯ ಜೋಕು ಶುರುವಾಗುತ್ತದೆ, ಸಮಾಸದೊಳಗೇ ಬಚ್ಚಿಡಿ. ಕುಲದ ನೆಲೆಗೆ ಹೆಸರು ಬೇಕಿದ್ದರೆ ನಮ್ಮ ಬೆಟ್ಟಗಳ ಜಾಡು ಹಿಡಿಯಿರಿ. ಕುದುರೆಮುಖ, ಎತ್ತಿನಭುಜ ಎರಡೂ ಪ್ರಾಣಿಯ ಅಂಗದಿಂದ ಹುಟ್ಟಿದವು; ಅದೇ ದಾರಿಯಲ್ಲಿ ಮಕರಮುಖ, ವ್ಯಾಳಭುಜ. ಕೆಮ್ಮಣ್ಣುಗುಂಡಿಯ ಅಚ್ಚಿನಲ್ಲಿ ಕರ್ಬೂದಿಗುಂಡಿ.

ಮಕರದ ಮಾತು ಬಂತು. ಊರಾಚೆಯ ರೆಕ್ಕೆಯ ಡ್ರ್ಯಾಗನ್ ಬೇಡ ಎನ್ನುವ ಗುಂಪಿಗೆ ಹಳೇಬೀಡಿನ ಹೊಯ್ಸಳೇಶ್ವರದ ಗೋಡೆ ಸಾಕು. ಆನೆ, ಸಿಂಹ, ಕುದುರೆ, ಬಳ್ಳಿಗಳ ಪಟ್ಟಿಕೆಗಳ ಜೊತೆ ಮಕರಗಳ ಸಾಲೇ ಇದೆ: ಸೊಂಡಿಲಿನಂತೆ ಮೇಲಕ್ಕೆ ಸುತ್ತಿಕೊಂಡ ಮೂತಿ, ಮೊಸಳೆಯ ದವಡೆ, ಬಳ್ಳಿಯಾಗಿ ಹರಡುವ ಬಾಲ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದರಿಂದ ಫೋಟೊಗಳಿಗೂ ಬರವಿಲ್ಲ. ಮಕರ ಕುಲಕ್ಕೆ ಬೇರು ಪದ ನೀರಿನ ಕಡೆಯವಿರಲಿ: ಸುಳಿ, ಮಡು, ತೊರೆ, ಅಡಿ ಕಾಣದ ಗುಂಡಿ. ಸುಳಿಯಂಗ, ಮಡುವಬ್ಬೆ.

ಹಂತ 7: ಬಾಲ್ಯದ ಅಡ್ಡಹೆಸರು

ಡ್ರ್ಯಾಗನ್‌ಬಾರ್ನ್ ಮರಿ ಮೊಟ್ಟೆಯೊಡೆದ ಕೆಲವೇ ಗಂಟೆಗೆ ನಡೆಯುತ್ತದೆ, ಮೂರು ವರ್ಷಕ್ಕೆ ಹತ್ತು ವರ್ಷದ ಮನುಷ್ಯ ಮಗುವಿನಷ್ಟು ಬೆಳೆಯುತ್ತದೆ, ಹದಿನೈದಕ್ಕೆ ಪ್ರಾಯ. ಅಡ್ಡಹೆಸರು ಅಂಟುವುದು ಆ ಮೊದಲ ಎರಡು ಮೂರು ವರ್ಷಗಳಲ್ಲೇ. ಅಷ್ಟರೊಳಗೆ ಏನು ಕಿತಾಪತಿ ಮಾಡಿರಬಹುದು ಎಂದು ಯೋಚಿಸಿ. ಇಂಗ್ಲಿಷ್ ಪಟ್ಟಿಯ ‘ಗುರಾಣಿ ಕಚ್ಚುವವ’ ಎಂಬ ಅರ್ಥದ ಹೆಸರು ನೇರ ಅನುವಾದಕ್ಕೆ ಬಗ್ಗುವುದಿಲ್ಲ. ಮನೆಯಲ್ಲಿ ಮಕ್ಕಳನ್ನು ಕರೆಯುವ ಧಾಟಿಯಲ್ಲೇ ಹೊಸದು ಮಾಡಿ: ಗುರಾಣಿಕಚ್ಚ, ಚಿಪ್ಪುಗಳ್ಳಿ, ಹೊಗೆಮೂಗ, ಬಾಲವಿಲ್ಲಿ. ಇದು ಗಂಭೀರವಾಗಿರಬಾರದು. ಕುಲದ ಸೇನಾಪತಿಯನ್ನು ಅವನ ಅಕ್ಕ ತುಂಬಿದ ಸಭೆಯಲ್ಲಿ ‘ಹೊಗೆಮೂಗ’ ಎಂದು ಕರೆದಾಗ ಆ ಹೆಸರು ಇಟ್ಟ ಶ್ರಮ ಸಾರ್ಥಕ.

ಒಂದು ಹೆಸರು ಕಟ್ಟಿದ ಬಗೆ

ಪಾತ್ರ: ನೀಲಿ ವಂಶದ ಹೆಣ್ಣು, ಯೋಧೆ, ಕುಲದಿಂದ ಹೊರಹಾಕಿದ್ದಾರೆ, ಹೆಸರಿಟ್ಟವಳು ಅಜ್ಜಿ. ಸಿಡಿಲು, ನೇರ ಗೆರೆಯ ಉಸಿರು, ಅಂದರೆ ಒತ್ತಕ್ಷರ ಬೇಕು. ಬರೆದವುಗಳಲ್ಲಿ ಕೆಲವು: ಮಿಂಚಲೆ, ಸಿಟ್ಟಲೆ, ಗುಡುಗಬ್ಬೆ, ಸಿಡಿಲಬ್ಬೆ, ಸಿಡಬ್ಬೆ, ಚಟ್ಟಬ್ಬೆ, ಕಟ್ಟಲೆ. ಮಿಂಚಲೆ ಪ್ರಶ್ನೆಯಾಯಿತು. ಸಿಟ್ಟಲೆಯಲ್ಲಿ ಸಿಟ್ಟೊಂದೇ ಕೇಳುತ್ತದೆ, ಸಿಡಿಲಿಲ್ಲ. ಚಟ್ಟಬ್ಬೆಯಲ್ಲಿ ಚಟ್ಟ ಇದೆ, ಬೇಡವೇ ಬೇಡ. ಕಟ್ಟಲೆ ಎಂದರೆ ಕಟ್ಟಳೆ. ಉಳಿದದ್ದು ಗುಡುಗಬ್ಬೆ, ಸಿಡಿಲಬ್ಬೆ ಮತ್ತು ಸಿಡಬ್ಬೆ. ‘ಹೊಯ್’ ಸೇರಿಸಿ ಕೂಗಿದಾಗ ಮೂರಕ್ಷರದ ಸಿಡಬ್ಬೆ ಗೆದ್ದಿತು. ಸಿಡಬ್ಬೆಗೆ, ಸಿಡಬ್ಬೆಯ, ಸಿಡಬ್ಬೆಯನ್ನು, ಎಲ್ಲಿಯೂ ತಡೆಯಿಲ್ಲ. ಕುಲ ಏಳುಕಣಿವೆಗೊಂಡ, ಹೊರಹಾಕಿದ ಮೇಲೆ ‘ಗೊಂಡ’ ಕಿತ್ತುಕೊಂಡಿದ್ದಾರೆ, ಆದ್ದರಿಂದ ಅವಳು ಈಗ ಬರೀ ಏಳುಕಣಿವೆ ಸಿಡಬ್ಬೆ. ಬಾಲ್ಯದ ಹೆಸರು ಚಿಪ್ಪುಗಳ್ಳಿ, ಪಕ್ಕದ ಮೊಟ್ಟೆಯ ಚಿಪ್ಪು ತಿಂದಿದ್ದಕ್ಕೆ.

ಎಡವುವ ಜಾಗಗಳು

ದೇವರು, ದೈವ, ನಾಗಬನ, ಗದ್ದುಗೆಗಳ ಹೆಸರು ಮುಟ್ಟಬೇಡಿ. ಮುಳ್ಳಯ್ಯನಗಿರಿ ಎಷ್ಟೇ ಡ್ರ್ಯಾಗನ್ ಬೆಟ್ಟದಂತೆ ಕಂಡರೂ ತುದಿಯಲ್ಲಿ ಪೂಜೆ ನಡೆಯುತ್ತದೆ. ಖಳನಿಗೆ ಆ ಹೆಸರಿಟ್ಟರೆ ಟೇಬಲ್‌ನಲ್ಲಿ ಯಾರಿಗೋ ಚುಚ್ಚುತ್ತದೆ. ಜಾತಿ, ಮನೆತನದ ಹೆಸರೂ ಹಾಗೆಯೇ. ಪಟ್ಟಿಯಲ್ಲಿರುವ ಶಮಾಶ್ ಮೆಸೊಪೊಟೇಮಿಯದ ಸೂರ್ಯದೇವನ ಹೆಸರು ಎಂಬುದೂ ಗೊತ್ತಿರಲಿ.

ನಡುವೆ ಅಪಾಸ್ಟ್ರಫಿ ಹಾಕಿ ಹೆಸರನ್ನು ಭಯಂಕರ ಮಾಡುವ ಚಟ ಕನ್ನಡ ಲಿಪಿಯಲ್ಲಿ ಕೆಲಸಕ್ಕೆ ಬಾರದು. ಅದನ್ನು ಓದುವ ರೀತಿಯೇ ನಮ್ಮಲ್ಲಿಲ್ಲ. ಹಳಗನ್ನಡದ ಱ, ೞ ಬಳಸಿದರೆ ಬರೆಯುವಾಗ ಗತ್ತು, ಓದುವಾಗ ಪ್ರತಿಯೊಬ್ಬರದೂ ಒಂದೊಂದು ಉಚ್ಚಾರ. ಗವಿಯ ಗೋಡೆಯ ಮೇಲಿನ ಶಾಸನದ ಒಗಟಿಗೆ ಆ ಅಕ್ಷರ ಇಟ್ಟುಕೊಳ್ಳಿ, ಹೆಸರಿಗೆ ಬೇಡ. ಆನ್‌ಲೈನ್‌ನಲ್ಲಿ ಆಡುವವರು ಹೆಸರನ್ನು ಒಮ್ಮೆ ಟೋಕನ್ (ಪರದೆಯಲ್ಲಿ ಪಾತ್ರವನ್ನು ತೋರಿಸುವ ಬಿಲ್ಲೆ) ಮೇಲೆ ಹಾಕಿ ನೋಡಬೇಕು. ಕೆಲವು ಫಾಂಟ್‌ಗಳಲ್ಲಿ ಒತ್ತಕ್ಷರ ಒಡೆದು ‘ಸಿಡಬ್ಬೆ’ ‘ಸಿಡಬ್‌ಬೆ’ ಆಗುತ್ತದೆ. ಒಡೆದರೆ ಟೋಕನ್ ಮೇಲೆ ಮೊದಲೆರಡು ಅಕ್ಷರ ಸಾಕು.

ಆಟ ನಡೆಸುವವರು ಮೊದಲೇ ಒಂದು ಕಾಲಂನಲ್ಲಿ ಹದಿನೈದು ಬೇರು, ಇನ್ನೊಂದರಲ್ಲಿ ಆರು ಬಾಲ ಬರೆದಿಟ್ಟುಕೊಂಡರೆ ತೊಂಬತ್ತು ಹೆಸರು ಕೈಯಲ್ಲಿದ್ದಂತೆ. ದಾರಿಹೋಕ ಡ್ರ್ಯಾಗನ್‌ಬಾರ್ನ್‌ನ ಹೆಸರು ಯಾರಾದರೂ ಕೇಳಿದಾಗ ಒಂದು ಡಿ20 (ಇಪ್ಪತ್ತು ಮುಖದ ದಾಳ), ಒಂದು ಡಿ6 (ಆರು ಮುಖದ ದಾಳ) ಉರುಳಿಸಿ. ಡಿ20ಯಲ್ಲಿ 16ರಿಂದ ಮೇಲೆ ಬಿದ್ದರೆ ಮತ್ತೆ ಹಾಕಿ. ಬಳಸಿದ ಹೆಸರಿನ ಮುಂದೆ ಟಿಕ್ ಹಾಕಿ, ಯಾವ ಊರಲ್ಲಿ ಸಿಕ್ಕಿದನೆಂದು ಪಕ್ಕದಲ್ಲೇ ಬರೆಯಿರಿ.